ಬೇಲಿಯಿಲ್ಲದ ತೋಟಕ್ಕೊಂದು ಗೇಟು

ನನ್ನನ್ನು ಒಂದು ಮಾತು ಕೇಳಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇದೆ. ತೀರಿಕೊಂಡವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಅಕ್ಕ ಹೇಳುತ್ತಾಳೆ. ಇಟ್ಟುಕೊಂಡಿದ್ದೇನೆ, ಏನು ಮಾಡಲಿ. ಒಂದೇ ಅಂಗಡಿ, ಒಂದೇ ವೆಲ್ಡಿಂಗ್ ಮೆಷಿನ್ನು. ಭಾವ ಹಿಡಿದ ಕಬ್ಬಿಣಕ್ಕೆ ನಾನು ಬೆಸುಗೆ ಹಾಕುತ್ತಿದ್ದೆ, ನಾನು ಹಿಡಿದದ್ದಕ್ಕೆ ಅವರು. ಒಂದು ಹೊಸ ಸುತ್ತಿಗೆ ತರಬೇಕಾದರೂ "ಏನಂತೀಯೋ" ಎಂದು ಕೇಳುತ್ತಿದ್ದ ಮನುಷ್ಯ. ಅಂಥವರು ಸಮುದ್ರದಾಚೆ, ಹೆಸರು ಹೇಳಲೂ ನಾಲಿಗೆ ಹೊರಳದ ಒಂದು ದೇಶದಲ್ಲಿ ಹಣ್ಣಿನ ತೋಟ ಕೊಂಡರು. ನನಗೆ ಅದು ತಿಳಿದದ್ದು ಅಂಗಡಿ ಎದುರಿನ ಚಹಾದವನ ಬಾಯಿಂದ.

"ನಿಮ್ಮ ಭಾವ ಜಮೀನ್ದಾರರಾದ್ರಂತೆ," ಎಂದ ಅವನು ಲೋಟ ತೊಳೆಯುತ್ತ. "ಇನ್ಮೇಲೆ ನಮ್ಮ ಚಹಾ ಕುಡೀತಾರೋ ಇಲ್ವೋ."

ಊರಿನವರು ಭಾವನನ್ನು ಕರೆಯುತ್ತಿದ್ದದ್ದು ಗೇಟಣ್ಣ ಎಂದು. ಕಿಟಕಿಯ ಗ್ರಿಲ್ಲು, ಮೆಟ್ಟಿಲಿನ ಕಂಬಿ, ಅಂಗಡಿಯ ಶಟರು ಎಲ್ಲವನ್ನೂ ಮಾಡುತ್ತಿದ್ದೆವು. ಆದರೆ ಅವರ ಜೀವ ಇದ್ದದ್ದು ಗೇಟಿನಲ್ಲಿ. ಗೇಟು ಮಾಡಿಸಲು ಬಂದವರ ಹತ್ತಿರ ಅವರು ಮೊದಲು ಕೇಳುತ್ತಿದ್ದದ್ದು ಅಳತೆಯನ್ನಲ್ಲ. "ಮನೆಯೊಳಗೆ ಹೋಗೋವಾಗ ನಿಮ್ಮ ಕೈಯಲ್ಲಿ ಸಾಮಾನ್ಯವಾಗಿ ಏನಿರುತ್ತೆ?" ಎಂದು ಕೇಳುತ್ತಿದ್ದರು. ಬಂದವರು ಬೆಪ್ಪಾಗಿ ನೋಡುತ್ತಿದ್ದರು. ಚೀಲ ಇರುತ್ತದೆ ಎಂದರೆ ಚಿಲಕವನ್ನು ಮೊಣಕೈಗೆ ಸಿಗುವ ಎತ್ತರಕ್ಕೆ ಇಡುವರು. ಮಗು ಇರುತ್ತದೆ ಎಂದರೆ ಮೊಣಕಾಲಿಂದ ತಳ್ಳಿದರೂ ತೆರೆಯುವ ಹಾಗೆ ಮಾಡುವರು. ಗೇಟು ಕಿರುಗುಟ್ಟಬಾರದು ಎಂಬುದು ಅವರ ಹಠ. "ಗೇಟು ಕಿರುಗುಟ್ಟಿದ್ರೆ ಒಳಗಿರೋರು ಜಗಳಗಂಟರು ಅಂತ ದಾರೀಲಿ ಹೋಗೋರು ತಿಳ್ಕೋತಾರೆ," ಎನ್ನುತ್ತಿದ್ದರು. ಅವರ ಮನೆಗೆ ಗೇಟೇ ಇರಲಿಲ್ಲ. ಜಗಳಕ್ಕೆ ಅದರಿಂದೇನೂ ಕೊರತೆಯಾಗಲಿಲ್ಲ.

ಮಗಳು ಮದುವೆಯಾಗಿ ಹೋದ ಮೇಲೆ ಅಕ್ಕ ಭಾವ ಇಬ್ಬರೇ ಇದ್ದದ್ದು ಬಾಡಿಗೆಯ ಎರಡು ಕೋಣೆಯಲ್ಲಿ, ಎರಡನೇ ಮಹಡಿ. ಮೆಟ್ಟಿಲು ಎಲ್ಲರದ್ದು, ಕೆಳಗಿನ ಬಾಗಿಲು ಎಲ್ಲರದ್ದು. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮನೆಯ ಯಜಮಾನಿಯನ್ನು ಕೇಳಬೇಕು, ಕೇಳಿದರೆ ಆಕೆ ಬೇಡ ಎನ್ನುವಳು. ಭಾವನ ಅಪ್ಪ ಒಬ್ಬ ಸಾಹುಕಾರರ ಬಂಗಲೆಯ ಕಾವಲುಗಾರರಾಗಿದ್ದರು. ಕಾರು ಬಂದಾಗ ಗೇಟು ತೆಗೆಯುವುದು, ಕಾರು ಹೋದಾಗ ಹಾಕುವುದು. ಬೇರೆಯವರ ಗೇಟಿನ ಪಕ್ಕದ ಸ್ಟೂಲಿನ ಮೇಲೆ ಅವರ ಆಯುಷ್ಯ ಮುಗಿಯಿತು. ಭಾವ ಅದನ್ನು ಹೆಚ್ಚು ಹೇಳಿಕೊಳ್ಳುತ್ತಿರಲಿಲ್ಲ. ಸಂಜೆ ಮೆಷಿನ್ನು ಆರಿಸಿ, ಕಣ್ಣಿಗೆ ನೀರು ಹಾಕಿಕೊಂಡು ಕೂತಾಗ ಯಾವಾಗಾದರೂ ಒಮ್ಮೆ ಹೇಳುತ್ತಿದ್ದರು: "ಒಂದು ಗೇಟು ಕಣೋ. ನಮ್ದು ಅಂತ. ನಾನೇ ಮಾಡಿ, ನಾನೇ ನಿಲ್ಲಿಸಿ, ನಾನೇ ತೆಗೆದು ಒಳಗೆ ಹೋಗ್ಬೇಕು. ಆಮೇಲೆ ಏನಾದ್ರೂ ಆಗ್ಲಿ."

ಗೇಟು ನಿಲ್ಲಿಸಲು ಜಾಗ ಬೇಕಲ್ಲ. ಅಕ್ಕ ಭಾವ ಸೈಟಿಗೆಂದು ಕೂಡಿಡುತ್ತಲೇ ಇದ್ದರು. ಇವರು ಒಂದು ಹೆಜ್ಜೆ ಇಟ್ಟರೆ ಸೈಟಿನ ಬೆಲೆ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಿತ್ತು. ಭಾನುವಾರ ಬಸ್ಸು ಹತ್ತಿ ಹೋಗಿ ಊರಿನ ಅಂಚು ನೋಡಿಕೊಂಡು ಬರುವುದು, ಮುಂದಿನ ವರ್ಷ ಹೋದರೆ ಅಂಚು ಇನ್ನೂ ಆಚೆಗೆ ಸರಿದಿರುವುದು. ಅಕ್ಕನಿಗೆ ಕಾಲು ನೋವು ಶುರುವಾದ ಮೇಲೆ ಆ ಬಸ್ಸಿನ ಓಡಾಟವೂ ನಿಂತಿತು.

ತೋಟದ ಮಾತು ಭಾವನ ಕಿವಿಗೆ ಬಿದ್ದದ್ದು ಒಂದು ಹೋಟೆಲಿನ ಸಭಾಂಗಣದಲ್ಲಿ, ವೇದಿಕೆಯ ಕೆಳಗೆ ಮಲಗಿಕೊಂಡಾಗ. ವೇದಿಕೆ ಅಲುಗಾಡುತ್ತದೆ ಎಂದು ಕರೆದಿದ್ದರು. ಅವರು ಅಡಿಯಲ್ಲಿ ಬೋಲ್ಟು ಬಿಗಿಯುತ್ತಿರುವಾಗಲೇ ಮೇಲೆ ಸಭೆ ಶುರುವಾಗಿಬಿಟ್ಟಿತು. ಹೊರದೇಶದಲ್ಲಿ ಹಣ್ಣಿನ ತೋಟ ಮಾರುವ ಕಂಪನಿಯ ಸಭೆ. ನಡುವೆ ಎದ್ದು ಬಂದರೆ ಚೆನ್ನಾಗಿರುವುದಿಲ್ಲ ಎಂದು ಇವರು ಸ್ಪಾನರನ್ನು ಎದೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿದರು. ಮೇಲೆ ನಿಂತವನ ಬೂಟಿನ ಸದ್ದಿನ ಜೊತೆಗೆ ಅವನ ಮಾತು ಹಲಗೆಯಿಂದ ಇಳಿದು ಬರುತ್ತಿತ್ತಂತೆ. "ತೋಟ ನಿಮ್ಮದು, ಕೆಲಸ ನಮ್ಮದು."

ಕಂಪನಿಯ ಏರ್ಪಾಡು ಹೀಗೆ. ಆ ದೇಶದಲ್ಲಿ ಹೊರಗಿನವರ ಹೆಸರಿಗೆ ಜಮೀನು ಆಗುವುದಿಲ್ಲ, ಬಹಳ ವರ್ಷದ ಗುತ್ತಿಗೆಗೆ ಸಿಗುತ್ತದೆ. ಕಂಪನಿ ಅದರಲ್ಲಿ ಮರಸೇಬು, ಪೇಟೆಯಲ್ಲಿ ಪೇರ್ಸ್ ಎನ್ನುವ ಬುಡ ದಪ್ಪದ ಹಣ್ಣು, ಬೆಳೆಸಿ, ತುಂಡು ತುಂಡು ಮಾಡಿ ನಮ್ಮಂಥವರಿಗೆ ಕೊಡುತ್ತದೆ. ನೀರು, ಗೊಬ್ಬರ, ಔಷಧಿ, ಕೊಂಬೆ ಕತ್ತರಿಸುವುದು, ಹಣ್ಣು ಕೀಳುವುದು, ಮಾರುವುದು ಎಲ್ಲ ಅವರೇ. ಎಲ್ಲ ಮಾಲೀಕರ ಹಣ್ಣೂ ಒಂದೇ ರಾಶಿಗೆ ಬೀಳುತ್ತದೆ, ಒಟ್ಟಿಗೆ ಮಾರಾಟ. ಖರ್ಚು ಕಳೆದು ಉಳಿದದ್ದರಲ್ಲಿ ವರ್ಷಕ್ಕೊಮ್ಮೆ ಪಾಲು. ನಮ್ಮ ಊರಲ್ಲಿ ಒಂದು ಕಾರು ನಿಲ್ಲಿಸುವ ಜಾಗವೂ ಬಾರದ ಹಣಕ್ಕೆ ಅಲ್ಲಿ ಒಂದು ತುಂಡು ತೋಟ ಬರುತ್ತಿತ್ತು. ಭಾವ ವೇದಿಕೆಯ ಅಡಿಯಿಂದ ತಲೆ ಹೊರಗೆ ಹಾಕಿದಾಗ ಅವರು ಅರ್ಧ ಮಾಲೀಕರಾಗಿದ್ದರು.

ಚಹಾದವನಿಂದ ಸುದ್ದಿ ಕೇಳಿದವನೇ ನಾನು ನೇರ ಅಂಗಡಿಗೆ ಹೋಗಿ ಮೆಷಿನ್ನು ಆರಿಸಿದೆ.

"ಭಾವ, ನೀವು ಒಂದು ಕುಂಡದಲ್ಲಿ ಗಿಡ ಬೆಳೆಸಿದೋರಲ್ಲ. ನಿಮಗ್ಯಾಕೆ ತೋಟ?"

"ಬೆಳೆಸೋದು ಅವರು. ನಂದು ಬರೀ ಇರೋದು."

"ಏನಿರೋದು?"

"ತೋಟ ಇರೋದು."

"ನೋಡದೆ, ಕೇಳದೆ, ಒಂದು ಮಾತು ಹೇಳದೆ..."

"ಹೇಳ್ತಿದೀನಲ್ಲ ಈಗ," ಎಂದು ಅವರು ಮೆಷಿನ್ನು ಮತ್ತೆ ಹಾಕಿದರು.

ಅಕ್ಕನ ಹತ್ತಿರ ಹೋಗಿ ಕೂಗಾಡಿದೆ. ಅವಳು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದಳು. "ಬಿಡೋ, ನಿನ್ನ ಗಂಟಲಿಗೂ ವಯಸ್ಸಾಯ್ತು. ಸೈಟಿಗೆ ಅಂತ ಇಟ್ಟಿದ್ದು ಸೈಟಿಗೇ ಹೋಯ್ತು. ಸೈಟು ಸ್ವಲ್ಪ ದೂರ ಆಯ್ತು, ಅಷ್ಟೆ." ಹಾಗೆ ಹೇಳಿ ಅವಳು ಗೋಡೆಯ ಕಡೆ ತಿರುಗಿ ಕೂತಳು. ಅದಾದ ಮೇಲೆ ಬಹಳ ದಿನ ಅವಳು ಗಂಡನಿಗೆ ಊಟ ಬಡಿಸುತ್ತಿದ್ದಳೇ ಹೊರತು ಏನು ಬೇಕು ಎಂದು ಕೇಳುತ್ತಿರಲಿಲ್ಲ.

ಇಲ್ಲೊಂದು ಮಾತು ಹೇಳಿಬಿಡಬೇಕು. ಕಂಪನಿ ಮೋಸ ಮಾಡಲಿಲ್ಲ. ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು, ಬೈಯಲು ಒಬ್ಬ ಸಿಗುತ್ತಿದ್ದ. ತೋಟ ಇತ್ತು, ಮರ ಇದ್ದವು, ಪಾಲೂ ಬಂತು. ಬಂದದ್ದು ನೋಡಿದರೆ ಅಳುವಂತಿಲ್ಲ, ನಗುವಂತೆಯೂ ಇಲ್ಲ. ಒಂದು ವರ್ಷ ಆಲಿಕಲ್ಲು ಬಿತ್ತು ಎಂದು ಏನೂ ಬರಲಿಲ್ಲ. ಭಾವ ಅದಕ್ಕೆ ಬೇಸರ ಪಟ್ಟುಕೊಳ್ಳಲಿಲ್ಲ. "ನಮ್ಮ ತೋಟಕ್ಕೆ ಆಲಿಕಲ್ಲು ಬಿತ್ತಂತೆ," ಎಂದು ಗಿರಾಕಿಗಳಿಗೆಲ್ಲ ಹೇಳಿಕೊಂಡರು. ದೊಡ್ಡ ಮನುಷ್ಯರು ತಮಗೆ ಸಕ್ಕರೆ ಕಾಯಿಲೆ ಇದೆ ಎಂದು ಹೇಳುವ ಧಾಟಿಯಲ್ಲಿ.

ಕಂಪನಿಯವರು ತೋಟದ ಒಂದು ನಕ್ಷೆ ಕೊಟ್ಟಿದ್ದರು. ಭಾವ ಅದಕ್ಕೆ ಕಬ್ಬಿಣದ ಚೌಕಟ್ಟು ಹಾಕಿ ಅಂಗಡಿಯಲ್ಲಿ ಮೆಷಿನ್ನಿನ ಮೇಲುಗಡೆ ತೂಗುಹಾಕಿದರು, ಮನೆಯ ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲವಲ್ಲ. ನಕ್ಷೆಯ ತುಂಬ ಚೌಕಗಳು. ಭಾವನ ಚೌಕಕ್ಕೆ ಹಸಿರು ಬಣ್ಣ. ಸುತ್ತ ದಪ್ಪ ಗೆರೆ. ದಾರಿಯ ಕಡೆಗೆ ಆ ಗೆರೆ ಸ್ವಲ್ಪ ಬಿಟ್ಟುಹೋಗಿತ್ತು, ಅಲ್ಲಿ ಅವರ ತುಂಡಿನ ಅಂಕಿ ಬರೆದಿತ್ತು.

ನಮ್ಮ ಅಂಗಡಿಗೆ ಬರುವವರೆಲ್ಲ ಮನೆಯ ನಕ್ಷೆ ತರುತ್ತಾರೆ. ಸುತ್ತ ಗೆರೆ ಇದ್ದರೆ ಕಾಂಪೌಂಡ್ ಗೋಡೆ, ಗೆರೆ ಬಿಟ್ಟ ಕಡೆ ಗೇಟು. ಬದುಕಿಡೀ ನಾವು ಓದಿದ ಓದು ಅಷ್ಟೇ. ಭಾವ ಆ ಬಿಟ್ಟ ಜಾಗದ ಮೇಲೆ ಬೆರಳಿಟ್ಟು, "ನೋಡು, ಗೇಟಿಗೆ ಜಾಗ ಬಿಟ್ಟಿದಾರೆ. ಗೇಟು ಹಾಕಿಲ್ಲ," ಎಂದರು. ನಾನೂ ಕನ್ನಡಕ ಏರಿಸಿ ನೋಡಿದೆ. ಹೌದು, ನನಗೂ ಗೇಟೇ ಕಂಡಿತು. ಅವರ ತೋಟದ ವಿಷಯದಲ್ಲಿ ನಾವಿಬ್ಬರೂ ಒಪ್ಪಿದ ಮಾತು ಅದೊಂದೇ.

ಗೇಟಿನ ಕೆಲಸ ಹಾಗೆ ಶುರುವಾಯಿತು. ಗಿರಾಕಿಗಳ ಕೆಲಸ ಮುಗಿದ ಮೇಲೆ, ಮೈ ಸೋತ ಹೊತ್ತಿಗೆ, ಭಾವ ತಮ್ಮ ಗೇಟಿಗೆ ಕೈ ಹಾಕುವರು. ವಿಮಾನದಲ್ಲಿ ಒಯ್ಯಬೇಕಲ್ಲ, ಹಾಗಾಗಿ ಬಿಚ್ಚಿ ಜೋಡಿಸುವ ಗೇಟು. ಉದ್ದದ ಪೈಪುಗಳೆಲ್ಲ ತುಂಡು ತುಂಡು, ತುಂಡಿನೊಳಗೆ ತುಂಡು ಕೂತು ಬೋಲ್ಟು ಹಾಕಿದರೆ ಬಿಗಿಯಾಗಬೇಕು, ಜೋಡಿಸಿದ್ದು ಎಂದು ಕಣ್ಣಿಗೆ ಕಾಣಬಾರದು. ಎಷ್ಟು ಸಲ ಮಾಡಿ ಎಷ್ಟು ಸಲ ಕತ್ತರಿಸಿ ಎಸೆದರೋ. ನಡುವೆ ಸರಳು ಬಗ್ಗಿಸಿ ಒಂದು ಮರಸೇಬಿನ ಆಕಾರ ಕೂಡಿಸಿದರು.

ಚಹಾದವನು ಲೋಟ ತಂದಿಟ್ಟು ಅದನ್ನೇ ನೋಡಿದ. "ಗೇಟಣ್ಣ, ಇದು ಬಲ್ಬು ಮಾಡೋ ಕಂಪನಿಯೋರದಾ?"

"ನಿನ್ನ ಲೋಟ ತಗೊಂಡು ಹೋಗು," ಎಂದರು ಭಾವ. ಅವನು ಹೋದ ಮೇಲೆ ಆಕಾರವನ್ನು ಬಿಚ್ಚಿ ಕೆಳಭಾಗ ಇನ್ನಷ್ಟು ಅಗಲ ಮಾಡಿದರು. ಆಮೇಲೆ ಅದು ಮಡಕೆಯ ಹಾಗೆ ಕಂಡಿತು.

ಗೇಟಿನ ಕೀಲುಗಳನ್ನು ನಾನು ಮಾಡಿದೆ. ಕೀಲು ಯಾವಾಗಲೂ ನನ್ನ ಕೆಲಸ. ಮೊದಲು ಮಾಡುವುದಿಲ್ಲ ಎಂದೆ. ಭಾವ ಬೇಡಿಕೊಳ್ಳಲಿಲ್ಲ, ತಾವೇ ಒಂದು ಕೀಲು ಮಾಡಿದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ, ಕಿತ್ತುಕೊಂಡು ಮೂಲೆಗೆ ಎಸೆದು ನಾನೇ ಕೂತೆ.

"ಕೂಲಿ ಏನು ಕೊಡ್ತೀರಿ?" ಎಂದೆ.

"ಮೊದಲ ಸಲ ತೋಟಕ್ಕೆ ಹೋದಾಗ ಒಂದು ಬುಟ್ಟಿ ಹಣ್ಣು. ನಾನೇ ಕಿತ್ತು ಕೊಡ್ತೀನಿ."

"ಮೇಲೆ ಹಣ್ಣು ಕೆಳಗೆ ಎಲೆ ಆದ್ರೆ ನಡೆಯಲ್ಲ."

"ಬಾಮೈದನಿಗೆ ಮೋಸ ಮಾಡಿ ನಿಮ್ಮಕ್ಕನ ಕೈಯೂಟ ಉಣ್ಣಕ್ಕಾಗುತ್ತೇನೋ?"

ಬೆಳೆ ಕೀಳುವ ಕಾಲಕ್ಕೆ ಕಂಪನಿ ಮಾಲೀಕರನ್ನು ತೋಟ ನೋಡಲು ಕರೆದುಕೊಂಡು ಹೋಗುತ್ತದೆ. ಅಕ್ಕ ಬರುವುದಿಲ್ಲ ಎಂದಳು. "ಕಬ್ಬಿಣ ಹೊತ್ಕೊಂಡು ವಿಮಾನ ಹತ್ತೋರ ಜೊತೆ ನಾನು ಬರಲ್ಲ. ನಿಮ್ಮಿಬ್ಬರಿಗೂ ಸರಿಹೋಗುತ್ತೆ, ಹೋಗಿ ಬನ್ನಿ." ಅವಳ ಟಿಕೇಟಿನ ಜಾಗದಲ್ಲಿ ನಾನು ಹೊರಟೆ. ಭಾವನನ್ನು ಒಬ್ಬರನ್ನೇ ಕಳಿಸಲು ಧೈರ್ಯವಿರಲಿಲ್ಲ. ಬೆಂಕಿ ನೋಡಿ ನೋಡಿ ಅವರ ಕಣ್ಣು ಆಗಲೇ ಮಂಜಾಗಿತ್ತು.

ವಿಮಾನ ನಿಲ್ದಾಣದಲ್ಲಿ ಚೀಲ ತೂಕ ಹಾಕಿದವಳು ತಲೆಯಾಡಿಸಿದಳು. ಭಾರ ಜಾಸ್ತಿ. ಗೇಟು ಬಿಡುವ ಮಾತೇ ಇಲ್ಲ. ಪಕ್ಕಕ್ಕೆ ಸರಿದು ಬಟ್ಟೆ ಹೊರಗೆ ತೆಗೆದೆವು, ಮೈಮೇಲೆ ಹಿಡಿಸಿದಷ್ಟು ಹಾಕಿಕೊಂಡೆವು. ನಾನು ಅಂಗಿಯ ಮೇಲೆ ಅಂಗಿ, ಅದರ ಮೇಲೆ ಭಾವನ ಅಂಗಿ ಹಾಕಿಕೊಂಡು ಕೈ ಮಡಿಸಲಾಗದೆ ನಿಂತೆ. ಆಮೇಲೆ ಯಂತ್ರದೊಳಗೆ ಚೀಲ ನೋಡಿದ ಸಿಪಾಯಿ ಕರೆದ.

"ಏನಿದು?"

"ಗೇಟು," ಎಂದರು ಭಾವ.

"ಎಲ್ಲಿಗೆ?"

"ನಮ್ಮ ತೋಟಕ್ಕೆ."

"ಯಾಕೆ, ಆ ದೇಶದಲ್ಲಿ ಗೇಟು ಸಿಗಲ್ವಾ?"

"ಸಿಗುತ್ತೆ. ನಮ್ದು ಸಿಗಲ್ಲ."

ಸಿಪಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದ, ನನ್ನ ಅಂಗಿಗಳನ್ನು ನೋಡಿದ. ಒಂದೊಂದೇ ತುಂಡು ತೆಗೆಸಿ ನೋಡಿ, ಮಡಕೆಯಂಥ ಮರಸೇಬನ್ನು ಬಹಳ ಹೊತ್ತು ತಿರುಗಿಸಿ ನೋಡಿ, ಬಿಟ್ಟ.

ಆ ಪ್ರಯಾಣವನ್ನು ಏನು ಹೇಳಲಿ. ಕಾಲು ಊದಿದವು, ಬೆನ್ನು ಹಿಡಿದುಕೊಂಡಿತು. ಇಳಿದ ಮೇಲೆ ಇನ್ನೊಂದು ವಿಮಾನ, ಅದಾದ ಮೇಲೆ ಬಸ್ಸು. ಉಳಿದುಕೊಂಡ ಕೋಣೆಯಲ್ಲಿ ಎರಡು ಮಂಚ, ಒಂದು ಕಿಟಕಿ, ಕಿಟಕಿಯಾಚೆ ಇನ್ನೊಂದು ಗೋಡೆ. ನಮ್ಮ ಅಕ್ಕನ ಮನೆಯ ಹಾಗೇ ಇತ್ತು. ಇಷ್ಟು ದೂರ ಬಂದು ಅದನ್ನೇ ನೋಡಬೇಕಾಯಿತಲ್ಲ ಎನಿಸಿತು. ಭಾವ ಮಂಚದ ಮೇಲೆ ಬೋಲ್ಟುಗಳನ್ನು ಹರಡಿಕೊಂಡು ಒಂದೊಂದಕ್ಕೂ ಎಣ್ಣೆ ಒರೆಸುತ್ತ ಕೂತರು.

ಬೆಳಿಗ್ಗೆ ವ್ಯಾನು ಬಂತು. ನಮ್ಮ ಜೊತೆ ಇನ್ನೂ ಕೆಲವು ಮಾಲೀಕರು, ಬಿಳಿ ಬೂಟಿನವರು. ಎಲ್ಲರನ್ನೂ ನೋಡಿಕೊಳ್ಳಲು ಕಂಪನಿಯ ಒಬ್ಬ ಹುಡುಗಿ ನಮ್ಮ ಊರಿಂದಲೇ ಬಂದಿದ್ದಳು. ಎಲ್ಲರಿಗೂ ಅಂಕಲ್, ಆಂಟಿ ಎನ್ನುವ ಹುಡುಗಿ. ಅಲ್ಲಿನ ಭಾಷೆಯೂ ಅವಳಿಗೆ ಬರುತ್ತಿತ್ತು. ನಮ್ಮ ಚೀಲ ಎತ್ತಲು ಹೋಗಿ ಅವಳು ಬಗ್ಗಿದವಳು ಹಾಗೇ ನಿಂತಳು.

"ಅಂಕಲ್, ಇದರಲ್ಲಿ ಏನಿದೆ?"

"ಇರಲಿ ಬಿಡಮ್ಮ, ಅಲ್ಲಿ ಹೋದ್ಮೇಲೆ ಗೊತ್ತಾಗುತ್ತೆ," ಎಂದರು ಭಾವ. ಅವರ ಮುಖದಲ್ಲಿ ಆ ದಿನ ನೋಡಿದ ಕಳೆಯನ್ನು ನಾನು ಅವರ ಮಗಳ ಮದುವೆಯಲ್ಲೂ ನೋಡಿರಲಿಲ್ಲ.

ತೋಟ ಚೆನ್ನಾಗಿತ್ತು. ಸುಳ್ಳು ಹೇಳಬಾರದು. ಸಾಲು ಸಾಲು ಮರ, ಕಣ್ಣು ಹೋದಷ್ಟು ದೂರ ಒಂದೇ ಸಮ. ಎತ್ತರದ ಏಣಿಗಳ ಮೇಲೆ ಕೂಲಿಯವರು ನಿಂತು ಹಣ್ಣು ಕೀಳುತ್ತಿದ್ದರು, ಟ್ರಾಕ್ಟರು ಪೆಟ್ಟಿಗೆಗಳನ್ನು ಎಳೆಯುತ್ತ ಸಾಲಿನಿಂದ ಸಾಲಿಗೆ ಹೋಗುತ್ತಿತ್ತು. ಹುಡುಗಿ ಒಂದು ಕಡೆ ನಿಂತು, "ಅಂಕಲ್, ಇದೇ ನಿಮ್ಮದು," ಎಂದಳು.

ನೆಲದಲ್ಲಿ ಮೊಣಕಾಲೆತ್ತರದ ಒಂದು ಗೂಟ. ಅದರ ಮೇಲೆ ಬಣ್ಣದಲ್ಲಿ ಅಂಕಿ.

ಭಾವ ಗೂಟ ನೋಡಿದರು. ಸುತ್ತ ನೋಡಿದರು. ಸಾಲಿನ ಆ ತುದಿಯವರೆಗೆ ನಡೆದು ಹೋಗಿ, ಈ ತುದಿಗೆ ನಡೆದು ಬಂದರು. ನಾನು ಚೀಲ ಹಿಡಿದುಕೊಂಡು ಹಿಂದೆಯೇ.

"ಬೇಲಿ ಎಲ್ಲಮ್ಮ?"

"ಬೇಲಿ ಯಾಕೆ ಅಂಕಲ್? ಟ್ರಾಕ್ಟರ್ ಓಡಾಡ್ಬೇಕಲ್ಲ. ಒಬ್ಬೊಬ್ಬರದ್ದಕ್ಕೂ ಬೇಲಿ ಹಾಕಿದ್ರೆ ತೋಟ ನಡೆಯಲ್ಲ."

"ನಕ್ಷೇಲಿ ಗೆರೆ ಇತ್ತು."

"ಅದು ಬರೀ ಗುರುತಿಗೆ ಅಂಕಲ್."

"ಗೆರೆ ಬಿಟ್ಟಿತ್ತು. ದಾರಿ ಕಡೆ."

"ಅಲ್ಲಿ ನಿಮ್ಮ ನಂಬರ್ ಬರೀಬೇಕಿತ್ತಲ್ಲ, ಅದಕ್ಕೆ."

ಅಲ್ಲಿ ನನ್ನ ತಾಳ್ಮೆ ಕಡಿಯಿತು. ಬಾಯಿಗೆ ಬಂದದ್ದೆಲ್ಲ ಬೈದೆ. ಬೇಲಿ ಇಲ್ಲವೆಂದು ಯಾಕೆ ಹೇಳಲಿಲ್ಲ, ವಯಸ್ಸಾದವರನ್ನು ಇಷ್ಟು ದೂರ ಕರೆಸಿ ಗೂಟ ತೋರಿಸುತ್ತೀರಾ, ಇದನ್ನು ತೋಟ ಎನ್ನುತ್ತಾರಾ ಎಂದೆಲ್ಲ. ಏಣಿಯ ಮೇಲಿನ ಕೂಲಿಯವರು ಕೈ ನಿಲ್ಲಿಸಿ ನೋಡಿದರು. ಬಿಳಿ ಬೂಟಿನವರು ಮೆಲ್ಲಗೆ ಬೇರೆ ಸಾಲಿಗೆ ಸರಿದರು. ಹುಡುಗಿಯ ಕಣ್ಣಲ್ಲಿ ನೀರು ಬಂತು, ಆದರೂ ಮಾತು ಬಿಡಲಿಲ್ಲ. "ಅಂಕಲ್, ಬೇಲಿ ಇದೆ ಅಂತಾನೂ ನಾವು ಹೇಳಿರಲಿಲ್ಲ." ಅದು ನಿಜವಾಗಿತ್ತು. ನಿಜವೆಂದು ಗೊತ್ತಾದಷ್ಟೂ ನನ್ನ ದನಿ ಏರಿತು.

"ಕೂಗ್ಬೇಡ್ವೋ," ಎಂದರು ಭಾವ. "ನಮ್ಮ ತೋಟದಲ್ಲಿ ನಾವೇ ಕೂಗಾಡಿದ್ರೆ ಮರ್ಯಾದೆ ಯಾರದ್ದು ಹೋಗುತ್ತೆ?"

ಅವರು ಗೂಟದ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಮಣ್ಣು ಮುಟ್ಟಿದರು. ಎರಡು ಕಂಬ ನೆಟ್ಟು ಬೇಲಿಯಿಲ್ಲದೆಯೇ ಗೇಟು ನಿಲ್ಲಿಸಬಹುದೇ ಎಂದು ಕೇಳಿದರು. ನೆಲದಡಿಯಲ್ಲಿ ನೀರಿನ ಕೊಳವೆಗಳಿವೆ, ಅಗೆಯುವಂತಿಲ್ಲ ಎಂದಳು ಹುಡುಗಿ. ಏಣಿ ಹತ್ತಿ ಹಣ್ಣು ಕೀಳಬಹುದೇ ಎಂದರು. ಬಿದ್ದರೆ ಕಂಪನಿಯ ಮೇಲೆ ಬರುತ್ತದೆ, ಮಾಲೀಕರು ಏಣಿ ಹತ್ತುವಂತಿಲ್ಲ. "ಕೆಳಗಿನ ಕೊಂಬೇಲಿ ಒಂದು ಕಿತ್ಕೊಳ್ಳಿ ಅಂಕಲ್, ನಾನು ಫೋಟೋ ತೆಗೀತೀನಿ," ಎಂದಳು ಪಾಪ, ಸಮಾಧಾನಕ್ಕೆ.

"ಫೋಟೋಗೆ ಬೇಡಮ್ಮ," ಎಂದು ಭಾವ ಎದ್ದು ನಿಂತರು.

ಅಷ್ಟು ಹೊತ್ತೂ ಒಬ್ಬ ಮನುಷ್ಯ ದೂರದಲ್ಲಿ ನಿಂತು ನಮ್ಮ ಚೀಲವನ್ನೇ ನೋಡುತ್ತಿದ್ದ. ತೋಟದ ಮೇಸ್ತ್ರಿ. ಹುಲ್ಲಿನ ಟೋಪಿ, ಬಾಯಲ್ಲಿ ಒಂದು ಕಡ್ಡಿ. ನಾನು ಕೂಗಾಡುವಾಗ ಚೀಲ ಕೆಳಗೆ ಬಿಟ್ಟಿದ್ದೆ, ಅದರ ಬಾಯಿಂದ ಮಡಕೆಯಂಥ ಮರಸೇಬು ಹೊರಗೆ ಇಣುಕುತ್ತಿತ್ತು. ಅವನು ಬಂದು ಅದನ್ನು ಎತ್ತಿ ನೋಡಿ ಹುಡುಗಿಗೆ ಏನೋ ಹೇಳಿದ.

"ಇದು ಗೇಟಾ ಅಂತ ಕೇಳ್ತಿದಾನೆ," ಎಂದಳು ಅವಳು.

"ಬಲ್ಬು ಅಂತ ಕೇಳ್ಲಿಲ್ವಲ್ಲ, ದೊಡ್ಡದು," ಎಂದೆ ನಾನು.

ಮೇಸ್ತ್ರಿ ಕೈಯಲ್ಲಿ ಬನ್ನಿ ಎಂದು ತೋರಿಸಿ ಮುಂದೆ ನಡೆದ. ತೋಟದ ಆಚೆ ಅಂಚಿಗೆ ಕೂಲಿಯವರ ಕೋಣೆಗಳಿದ್ದವು. ತಗಡಿನ ಮಾಡು, ಎದುರಿಗೆ ಅಂಗಳ, ಬಟ್ಟೆ ಒಣಗಿಸುವ ತಂತಿ. ಅಂಗಳಕ್ಕೆ ಅರ್ಧ ಗೋಡೆ ಇತ್ತು. ಬಾಗಿಲಿನ ಜಾಗದಲ್ಲಿ ಎರಡು ಕಬ್ಬಿಣದ ಕಂಬ ಇದ್ದವು, ಅವುಗಳ ನಡುವೆ ಒಂದು ಮರದ ಹಲಗೆಯನ್ನು ತಂತಿಯ ಕುಣಿಕೆಗೆ ಸಿಕ್ಕಿಸಿದ್ದರು. ಒಳಗೆ ಹೋಗುವವರು ಹಲಗೆಯನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಟ್ಟು, ಒಳಗೆ ಹೋಗಿ, ಮತ್ತೆ ಎತ್ತಿ ತಂದು ಇಡಬೇಕು. ನಾವು ನೋಡುತ್ತಿರುವಾಗಲೇ ಒಬ್ಬ ಹೆಂಗಸು ತಲೆಯ ಮೇಲಿನ ನೀರನ್ನು ಇಳಿಸಿ, ಹಲಗೆ ಎತ್ತಿಟ್ಟು, ನೀರು ಎತ್ತಿಕೊಂಡು ಒಳಗೆ ಹೋದಳು.

ಭಾವ ಅವಳನ್ನೇ ನೋಡುತ್ತ ನಿಂತರು. ನನಗೆ ಅವರ ಮನಸ್ಸು ಗೊತ್ತಾಯಿತು.

"ಬೇಡ ಭಾವ," ಎಂದೆ. "ಅಲ್ಲಿ ಊರವರಿಗೆಲ್ಲ ಮಾಡಿದ್ದು ಸಾಕಾಗ್ಲಿಲ್ವಾ? ಇದು ನಿಮ್ಮದು ಅಂತ ಮಾಡಿದ್ದು. ವಾಪಸ್ ತಗೊಂಡು ಹೋಗೋಣ."

"ವಾಪಸ್ ತಗೊಂಡು ಹೋಗಿ ಎಲ್ಲಿ ಹಾಕ್ಲಿ? ನಿಮ್ಮಕ್ಕನ ಮಂಚಕ್ಕಾ?"

"ಎಲ್ಲಾದ್ರೂ ಹಾಕಿ."

"ನನ್ನ ಕೈಯಲ್ಲಿ ಇನ್ನು ಹೊರಕ್ಕಾಗಲ್ಲ ಕಣೋ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸೋತ ಮನುಷ್ಯ ಕುರ್ಚಿ ಕೇಳುವ ಹಾಗಿತ್ತು. ನಾನು ಸ್ಪಾನರು ತೆಗೆದೆ.

ಮೇಸ್ತ್ರಿ ಎಲ್ಲಿಂದಲೋ ಒಂದು ಡ್ರಿಲ್ಲು ತಂದ. ಕಂಬಕ್ಕೆ ತೂತು ಹೊಡೆದು ಕೀಲು ಕೂರಿಸಿದೆವು, ತುಂಡುಗಳನ್ನು ಜೋಡಿಸಿದೆವು. ಬಿಸಿಲು ನೆತ್ತಿಗೆ ಬಂತು. ಬಿಳಿ ಬೂಟಿನವರು ಊಟಕ್ಕೆ ಹೋದರು. ಹುಡುಗಿ ಅವರ ಜೊತೆ ಹೋಗದೆ ನಮಗೆ ಬೋಲ್ಟು ಎತ್ತಿ ಕೊಡುತ್ತ ಅಲ್ಲೇ ಕೂತಳು. ಗೇಟು ನಿಂತ ಮೇಲೆ ನೋಡಿದರೆ ಒಂದು ಪಕ್ಕ ಒಂದು ಗೇಣು ಸಂದಿ. ನಕ್ಷೆ ನೋಡಿ ಮಾಡಿದ ಅಳತೆ, ಆ ಕಂಬಗಳಿಗೆ ಹೊಂದುವುದಾದರೂ ಹೇಗೆ. ಭಾವನ ಕೈಯಿಂದ ಹೋದ ಗೇಟಿನಲ್ಲಿ ಸಂದಿ ಉಳಿದದ್ದು ಅದೇ ಮೊದಲು. ನಾನು ಅವರ ಮುಖ ನೋಡಲಿಲ್ಲ.

"ನಾಯಿ ಓಡಾಡ್ಲಿ ಬಿಡು," ಎಂದರು.

ಸಂಜೆ ಕೂಲಿಯವರು ಕೆಲಸ ಬಿಟ್ಟು ಬಂದರು. ಮೊದಲು ಬಂದವನು ಹಲಗೆ ಎತ್ತಲು ಎರಡೂ ಕೈ ಚಾಚಿದವನು ಹಾಗೇ ನಿಂತ. ಹಿಂದಿನವನು ಅವನ ಬೆನ್ನಿಗೆ ಗುದ್ದಿ ಏನೋ ಹೇಳಿದ, ಎಲ್ಲರೂ ನಕ್ಕರು. ಮೊದಲಿನವನು ಒಂದು ಬೆರಳಿನಿಂದ ತಳ್ಳಿದ. ಗೇಟು ಸದ್ದಿಲ್ಲದೆ ಹೋಗಿ ನಿಂತಿತು. ಭಾವ ಮಗುಚಿದ ಪೆಟ್ಟಿಗೆಯ ಮೇಲೆ ಕೂತು ನೋಡಿದರು. ಎಲ್ಲರೂ ಒಳಗೆ ಹೋದ ಮೇಲೆ ಎದ್ದು ಹೋಗಿ, ತಾವೇ ಒಮ್ಮೆ ಗೇಟು ತೆಗೆದರು. ಒಳಗೆ ಹೋಗಲಿಲ್ಲ. ಒಳಗಿದ್ದದ್ದು ಬೇರೆಯವರ ಅಂಗಳ. ಗೇಟು ಹಾಕಿ ಬಂದರು.

ಹೊರಡುವಾಗ ಮೇಸ್ತ್ರಿ ಒಂದು ಬಟ್ಟೆಯ ಚೀಲದಲ್ಲಿ ಮರಸೇಬು ತಂದು ಭಾವನ ಕೈಗಿಟ್ಟ. ಹುಡುಗಿ ಬಿಡಿಸಿ ಹೇಳಿದಳು: "ನಿಮ್ಮ ಕೂಲಿಯಂತೆ ಅಂಕಲ್. ಸುಮ್ಮನೆ ಕೆಲಸ ಮಾಡಿಸ್ಕೊಳ್ಳಲ್ಲ ಅಂತಿದಾನೆ." ತಮ್ಮದೇ ತೋಟದಲ್ಲಿ ಕೂಲಿ ಪಡೆದ ಮಾಲೀಕರು ಬೇರೆ ಯಾರಾದರೂ ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ.

ವ್ಯಾನಿನಲ್ಲಿ ಭಾವ ಆ ಚೀಲವನ್ನು ನನ್ನ ತೊಡೆಯ ಮೇಲಿಟ್ಟರು. "ತಗೋ. ಕೀಲಿನ ಕೂಲಿ ತೀರ್ತು."

"ಬುಟ್ಟಿ ಅಂದಿದ್ರಿ," ಎಂದೆ. "ಇದು ಚೀಲ. ನೀವು ಕಿತ್ತಿದ್ದೂ ಅಲ್ಲ."

"ಕಿತ್ತಿದ್ದಲ್ಲ, ದುಡಿದಿದ್ದು."

"ಊರಿಗೆ ಹೋದ್ಮೇಲೆ ಬುಟ್ಟಿಗೆ ಹಾಕಿ, ಅಕ್ಕನ ಎದುರಿಗೆ ಕೊಡಿ. ಆಗ ತಗೋತೀನಿ." ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಭಾವ ಚೀಲವನ್ನು ಮತ್ತೆ ತಮ್ಮ ತೊಡೆಗೆ ಎಳೆದುಕೊಂಡರು.

ಬರುವಾಗ ವಿಮಾನದಲ್ಲಿ ಕೇಳಿಯೇಬಿಟ್ಟೆ. "ಯಾಕೆ ಭಾವ ನನ್ನನ್ನ ಒಂದು ಮಾತು ಕೇಳ್ಲಿಲ್ಲ?"

ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು. "ಕೇಳಿದ್ರೆ ಬೇಡ ಅಂತಿದ್ದೆ. ನೀನು ಬೇಡ ಅಂದಿದ್ರೆ ನಾನು ಬಿಡ್ತಿದ್ದೆ. ಅದಕ್ಕೇ ಕೇಳ್ಲಿಲ್ಲ."

ಅದು ನನ್ನ ಸಿಟ್ಟನ್ನು ಆರಿಸಲೂ ಇಲ್ಲ, ಉರಿಸಲೂ ಇಲ್ಲ. ಎದೆಯಲ್ಲಿ ಹಾಗೇ ಕೂತಿದೆ.

ನಮ್ಮ ವಿಮಾನ ನಿಲ್ದಾಣದಲ್ಲಿ ಇಳಿದು, ಹೊರಗೆ ಬರುವ ಬಾಗಿಲಿನ ಹತ್ತಿರ ಒಬ್ಬ ಅಧಿಕಾರಿ ಚೀಲ ತೆರೆಸಿದ. ಹೊರದೇಶದ ಹಸಿ ಹಣ್ಣು ಒಳಗೆ ಬಿಡುವಂತಿಲ್ಲ, ಅದರೊಳಗೆ ಹುಳವೋ ರೋಗವೋ ಇರುತ್ತದೆ ಎಂದ.

"ಇದು ನಮ್ಮ ತೋಟದ್ದು ಸ್ವಾಮಿ," ಎಂದರು ಭಾವ.

"ಯಾರ ತೋಟದ್ದಾದ್ರೂ ಅಷ್ಟೇ ಯಜಮಾನ್ರೇ. ಬೇಕಾದ್ರೆ ಇಲ್ಲೇ ತಿಂದು ಹೋಗಿ. ಹೊರಗೆ ಬಿಡಕ್ಕಾಗಲ್ಲ."

ನಾನು ಮಾತಿಗೆ ನಿಂತೆ, ಭಾವ ನನ್ನ ತೋಳು ಹಿಡಿದು ಕೂರಿಸಿದರು. ಬೆಂಚಿನ ಮೇಲೆ ಕೂತು ಒಂದು ಹಣ್ಣು ಒರೆಸಿ ಕಚ್ಚಿದರು. ಮರಸೇಬನ್ನು ಗಟ್ಟಿಯಿರುವಾಗಲೇ ಕೀಳುತ್ತಾರೆ, ಪೆಟ್ಟಿಗೆಯಲ್ಲಿ ಹಣ್ಣಾಗುತ್ತದೆ. ಅವರ ಹಲ್ಲು ಇಳಿಯಲಿಲ್ಲ. ಪಕ್ಕದ ಹಲ್ಲಿನಿಂದ ನೋಡಿದರು. ನನ್ನ ಕೈಗೆ ಕೊಟ್ಟರು, ನನಗೂ ಆಗಲಿಲ್ಲ.

"ಇನ್ನೂ ನಾಲ್ಕು ದಿನ ಬೇಕು," ಎಂದು ಭಾವ ಅಧಿಕಾರಿಗೆ ಹೇಳಿದರು.

ಆತ ಗಡಿಯಾರ ನೋಡಿದ. ನಗಲಿಲ್ಲ, ಒಳ್ಳೆಯ ಮನುಷ್ಯನೇ ಇರಬೇಕು. ಭಾವ ಒಂದೊಂದೇ ಹಣ್ಣನ್ನು ತಾವೇ ಕಸದ ಡಬ್ಬಿಗೆ ಹಾಕಿದರು, ಎಸೆಯದೆ, ಕೈ ಒಳಗೆ ಬಿಟ್ಟು ಇಟ್ಟರು. ಬಟ್ಟೆಯ ಚೀಲ ಮಡಿಸಿ ಜೇಬಿಗೆ ಹಾಕಿಕೊಂಡರು.

ಮನೆಯಲ್ಲಿ ಅಕ್ಕ ಕೇಳಿದ್ದು ಒಂದೇ. "ಗೇಟು ಹಾಕಿ ಬಂದ್ರಾ?"

"ಹಾಕಿದೆ," ಎಂದರು ಭಾವ.

"ಸರಿಯಾಗಿ ಕೂತ್ಕೊಳ್ತಾ?"

"ಒಂದು ಗೇಣು ಸಂದಿ ಬಂತು."

"ಪರವಾಗಿಲ್ಲ ಬಿಡಿ," ಎಂದು ಅಕ್ಕ, ಬಹಳ ದಿನದ ಮೇಲೆ, ಊಟಕ್ಕೆ ಏನು ಬೇಕು ಎಂದು ಕೇಳಿದಳು.

ಆಮೇಲೆಯೂ ಅವರು ಕೆಲಸ ಮಾಡಿದರು, ಕಣ್ಣು ಪೂರ್ತಿ ಹೋಗುವವರೆಗೆ. ಕೊನೆಗೆ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಸುಮ್ಮನೆ ಕೂತಿರುತ್ತಿದ್ದರು, ನಾನು ಮಾಡಿದ ಗೇಟಿಗೆ ಕಿವಿಗೊಟ್ಟು. ಕಿರುಗುಟ್ಟಿದರೆ ತಲೆಯೆತ್ತುತ್ತಿದ್ದರು, ನಾನು ಬಿಚ್ಚಿ ಮತ್ತೆ ಮಾಡುತ್ತಿದ್ದೆ. ಎರಡನೇ ಸಲ ತೋಟಕ್ಕೆ ಹೋಗುವ ಮಾತು ಬರಲಿಲ್ಲ. ನಕ್ಷೆ ಹೊಗೆ ಹಿಡಿದು ಗೆರೆ ಯಾವುದು, ಬಿಟ್ಟದ್ದು ಯಾವುದು ತಿಳಿಯದ ಹಾಗಾಯಿತು. ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಂದು ಮಧ್ಯಾಹ್ನ ನನ್ನ ಕೈ ಹುಡುಕಿ ಹಿಡಿದರು.

"ನಿನ್ನ ಬುಟ್ಟಿ ಉಳೀತಲ್ಲೋ."

"ಅದ್ಯಾವ ದೊಡ್ಡ ವಿಷಯ ಭಾವ. ಬಿಟ್ಟೆ ಅಂತ..."

"ಬಿಟ್ಟೆ ಅನ್ಬೇಡ," ಎಂದರು. "ಬಾಕಿ ಇರ್ಲಿ."

ಈಗ ತೋಟದ ಪಾಲು ಅಕ್ಕನಿಗೆ ಬರುತ್ತದೆ, ಬಾಡಿಗೆಗೂ ಕಾಲಿನ ಔಷಧಿಗೂ ಹೋಗುತ್ತದೆ. ಬೆಳೆಯ ಕಾಲಕ್ಕೆ ಕಂಪನಿಯವರು ಒಂದು ಫೋಟೋ ಕಳಿಸುತ್ತಾರೆ, ಸಾಲು ಸಾಲು ಮರ. ನಾನು ಪ್ರತಿ ಸಲ ಅದರ ಅಂಚಿನಲ್ಲಿ ಕೂಲಿಯವರ ಅಂಗಳ ಕಾಣುತ್ತದೆಯೇ ಎಂದು ನೋಡುತ್ತೇನೆ. ಕಾಣುವುದಿಲ್ಲ.

ಮೊನ್ನೆ ಅಕ್ಕ ಪೇಟೆಯಿಂದ ಮರಸೇಬು ತಂದು, ಬುಟ್ಟಿಗೆ ತುಂಬಿ, ಕುಂಟುತ್ತ ಅಂಗಡಿಯವರೆಗೆ ಬಂದಿದ್ದಳು. ಮೆಷಿನ್ನಿನ ಪಕ್ಕದಲ್ಲಿಟ್ಟು, "ತಗೋ, ನಿಮ್ಮ ಭಾವನ ಲೆಕ್ಕ ಮುಗೀತು," ಎಂದಳು.

"ಇದು ಅವರ ತೋಟದ್ದಲ್ಲ," ಎಂದೆ.

"ನಿನಗೆ ಹೇಗೆ ಗೊತ್ತು? ಎಲ್ಲಾರ ಹಣ್ಣೂ ಒಂದೇ ರಾಶಿಗೆ ಬಿದ್ದು ಎಲ್ಲೆಲ್ಲಿಗೋ ಹೋಗುತ್ತೆ ಅಂತ ನೀವಿಬ್ಬರೇ ಹೇಳಿದ್ರಲ್ಲ. ಅವರದ್ದೇ ಇರ್ಬಹುದು."

ಇರಬಹುದು. ನಾನು ಬುಟ್ಟಿಯನ್ನು ಮುಟ್ಟಲಿಲ್ಲ. ಅಕ್ಕ ಸ್ವಲ್ಪ ಹೊತ್ತು ಭಾವನ ಸ್ಟೂಲಿನ ಮೇಲೆ ಕೂತಳು, ಒಂದು ಹಣ್ಣು ತೆಗೆದು ಸೆರಗಿಗೆ ಒರೆಸಿ ತಾನೇ ತಿಂದಳು. ಹಣ್ಣಾಗಿತ್ತು, ರಸ ಮೊಣಕೈಯವರೆಗೆ ಇಳಿಯಿತು. ಉಳಿದದ್ದನ್ನು ಚಹಾದವನಿಗೆ ಕೊಟ್ಟು ಹೋದಳು. ನನ್ನ ಬುಟ್ಟಿ ಬಾಕಿಯೇ ಇದೆ.